ಸಡಿಲ ತಂತಿ ಹುಡುಕುವ ವಿದ್ಯೆ

2025ರ ಜನವರಿ 30ರಂದು ಭಾರತೀಯ ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್‌ಗಳಾದ ದಿಲ್ನಾ ಕೆ. ಮತ್ತು ರೂಪಾ ಎ. ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಪಾಯಿಂಟ್ ನೀಮೊ ದಾಟಿದರು. ದಕ್ಷಿಣ ಪೆಸಿಫಿಕ್ ಸಾಗರದ ಈ ಬಿಂದುವಿನಿಂದ ಯಾವ ದಿಕ್ಕಿಗೆ ಹೊರಟರೂ ಮೊದಲ ನೆಲ ಸಿಗುವುದು ಕನಿಷ್ಠ 2,688 ಕಿ.ಮೀ. ದೂರದಲ್ಲಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನೆತ್ತಿಯ ಮೇಲೆ ಹಾದುಹೋಗುವಾಗ ಅದರೊಳಗಿನ ಗಗನಯಾತ್ರಿಗಳೇ ಅಲ್ಲಿಗೆ ಹತ್ತಿರದ ನೆರೆಹೊರೆ. ಅವರಿರುವುದು ಸುಮಾರು 400 ಕಿ.ಮೀ. ಮೇಲೆ. ಅಂಥ ಜಾಗದಲ್ಲಿ ಹಾಯಿಕಂಬದ ತುದಿಯ ದೀಪ ಆರಿದರೆ ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿ ‘ನಾಳೆ ಬರ್ತೀನಿ ಮೇಡಂ’ ಎಂಬ ಉತ್ತರ ಕೇಳುವ ಸೌಭಾಗ್ಯವೂ ಇಲ್ಲ.

ಗೋವಾದಲ್ಲಿ ಕಟ್ಟಿದ, 56 ಅಡಿ ಉದ್ದದ ಆ ದೋಣಿ 2024ರ ಅಕ್ಟೋಬರ್ 2ರಂದು ಹೊರಟು, ನಾಲ್ಕು ಬಂದರುಗಳಲ್ಲಿ ಮಾತ್ರ ತಂಗಿ, 2025ರ ಮೇ 29ರಂದು ಗೋವಾಕ್ಕೆ ಮರಳಿತು. ಒಂದು ಬಂದರಿನಿಂದ ಇನ್ನೊಂದಕ್ಕೆ ಹೋಗುವ ವಾರಗಟ್ಟಲೆ ದಾರಿಯಲ್ಲಿ ಅಡುಗೆ, ಚುಕ್ಕಾಣಿ, ಹಾಯಿ ಹೊಲಿಗೆ, ತಂತಿ ರಿಪೇರಿ ಎಲ್ಲವೂ ಆ ಇಬ್ಬರದೇ. ದೂರಸಾಗರದ ಹಾಯಿದೋಣಿ ಹತ್ತುವವರೆಲ್ಲರ ಪಾಡೂ ಇದೇ.

ಗಾಳಿಯಿಂದ ಓಡುವ ದೋಣಿಗೆ ವಿದ್ಯುತ್ತೇಕೆ ಎಂದು ದಡದಲ್ಲಿ ನಿಂತವರಿಗೆ ಅನ್ನಿಸಬಹುದು. ಹಾಯಿಗೆ ಅದು ಬೇಡ. ಆದರೆ ರಾತ್ರಿ ಬೇರೆ ಹಡಗಿನ ಕಣ್ಣಿಗೆ ಬೀಳಬೇಕಾದ ದೀಪಗಳು, ಜಿಪಿಎಸ್, ವಿಎಚ್‌ಎಫ್ ರೇಡಿಯೊ, ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್, ನಿದ್ದೆಯ ಹೊತ್ತಿನಲ್ಲಿ ಚುಕ್ಕಾಣಿ ಹಿಡಿಯುವ ಆಟೊಪೈಲಟ್, ತಳದಲ್ಲಿ ಸೇರಿದ ನೀರನ್ನು ಹೊರಚೆಲ್ಲುವ ಬಿಲ್ಜ್ ಪಂಪ್, ಉಪ್ಪುನೀರನ್ನು ಸಿಹಿಯಾಗಿಸುವ ಯಂತ್ರ, ಎಂಜಿನ್ನಿನ ಸೆಲ್ಫ್ ಇವೆಲ್ಲ ನೇತಾಡುವುದು ಬ್ಯಾಟರಿಯನ್ನೇ ನಂಬಿ. ಬಹುತೇಕ ದೋಣಿಗಳಲ್ಲಿ ಅದು 12 ವೋಲ್ಟ್, ದೊಡ್ಡವುಗಳಲ್ಲಿ 24. ಸೌರಫಲಕ, ಗಾಳಿಯಂತ್ರ, ಎಂಜಿನ್ನಿನ ಆಲ್ಟರ್ನೇಟರ್ ಅದಕ್ಕೆ ಉಣಿಸುತ್ತವೆ.

ಇಷ್ಟು ಮುಖ್ಯವಾದ ವ್ಯವಸ್ಥೆ ಕೆಟ್ಟಾಗ ಜನ ಮಾಡುವುದೇನು? ಬದಲಾಯಿಸುವುದು. ಬ್ಯಾಟರಿ ಬದಲಿಸಿ ನೋಡೋಣ, ಆಗದಿದ್ದರೆ ಆಲ್ಟರ್ನೇಟರ್, ಅದೂ ಆಗದಿದ್ದರೆ ಪಂಪು. ನಮ್ಮೂರ ಕಾರು, ಬೈಕು, ಯುಪಿಎಸ್‌ಗಳ ರಿಪೇರಿ ಅಂಗಡಿಗಳಲ್ಲೂ ಇದೇ ಮಂತ್ರ. ಬದಲಿಸಿದ ಮೇಲೆ ಸರಿಹೋದರೆ ರೋಗ ಪತ್ತೆಯಾಯಿತೆಂದೇ ಎಲ್ಲರೂ ತಿಳಿಯುತ್ತಾರೆ. ಎಷ್ಟೋ ಸಲ ಸರಿಹೋಗಿರುವುದು ಹೊಸ ವಸ್ತುವಿನಿಂದಲ್ಲ, ಅದನ್ನು ಕೂರಿಸುವಾಗ ಬಿಗಿಯಾದ ಹಳೆಯ ಬೋಲ್ಟಿನಿಂದ. ದೋಷ ಹುಡುಕುವುದು ಬಿಡಿಭಾಗದ ವ್ಯಾಪಾರವಲ್ಲ, ಅಳತೆಯ ವಿದ್ಯೆ. ಸಮುದ್ರ ಅದನ್ನು ಕಲಿಯದೆ ವಿಧಿಯಿಲ್ಲದಂತೆ ಮಾಡುತ್ತದೆ. ದಡದವರು ಅದನ್ನು ಕಲಿಯದೆಯೂ ಕಾಲ ಹಾಕಬಹುದು, ಹಾಕುತ್ತಲೂ ಇದ್ದಾರೆ. ಅದರ ಬೆಲೆ ಮಾತ್ರ ಸಣ್ಣದಲ್ಲ.

ಬೆಲೆ ಎಷ್ಟೆಂಬುದಕ್ಕೆ ಇತ್ತೀಚಿನ ಲೆಕ್ಕವೊಂದಿದೆ. 2024ರ ಮಾರ್ಚ್ 26ರ ನಸುಕಿನಲ್ಲಿ ‘ಡಾಲಿ’ ಎಂಬ ಸುಮಾರು 300 ಮೀಟರ್ ಉದ್ದದ ಕಂಟೇನರ್ ಹಡಗು ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಕೊಲಂಬೊಗೆ ಹೊರಟಿತ್ತು. ಸಿಬ್ಬಂದಿಯಲ್ಲಿ 20 ಮಂದಿ ಭಾರತೀಯರು. ಇದ್ದಕ್ಕಿದ್ದಂತೆ ಹಡಗಿನ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಹಿಡಿತ ತಪ್ಪಿದ ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಗುದ್ದಿತು. ಸೇತುವೆ ಕುಸಿದು, ಮೇಲೆ ರಸ್ತೆಗುಂಡಿ ಮುಚ್ಚುತ್ತಿದ್ದ ಆರು ಕಾರ್ಮಿಕರು ಸತ್ತರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ತನಿಖೆ ಮಾಡಿ 2025ರ ನವೆಂಬರಿನಲ್ಲಿ ಕಾರಣ ಹೇಳಿತು: ಒಂದು ಸಡಿಲ ತಂತಿ. ಯಾವ ತಂತಿ ಎಲ್ಲಿಗೆ ಸೇರಬೇಕೆಂದು ಗುರುತಿಸಲು ಸುತ್ತಿದ ಲೇಬಲ್ ಪಟ್ಟಿಯೇ ಅಡ್ಡ ಬಂದು, ಆ ತಂತಿ ತನ್ನ ಟರ್ಮಿನಲ್ಲಿನೊಳಗೆ ಪೂರ್ತಿ ಇಳಿದಿರಲಿಲ್ಲ.

ಮನೆಯ ಸ್ವಿಚ್‌ಬೋರ್ಡು ಚಟಪಟ ಎಂದಾಗ ‘ಲೂಸ್ ಕಾಂಟ್ಯಾಕ್ಟ್’ ಎಂದು ನಾವು ಕೈಬೀಸಿ ಹೇಳುತ್ತೇವಲ್ಲ, ಅದೇ ಇದು.

ದೊಡ್ಡ ಹಡಗಿನಲ್ಲಿ ಸಾವಿರಾರು ತಂತಿಗಳಿರುತ್ತವೆ; ಹಾಯಿದೋಣಿಯಲ್ಲಿ ಅಷ್ಟಿಲ್ಲ. ಆದರೆ ಕಾಯಿಲೆ ಒಂದೇ. ದೋಣಿಯ ವಿದ್ಯುತ್ ದೋಷಗಳಲ್ಲಿ ಯಂತ್ರದ ಹೊಟ್ಟೆಯೊಳಗಿನವು ಕಡಿಮೆ, ಜೋಡಣೆಯ ಜಾಗದವು ಹೆಚ್ಚು. ಉಪ್ಪು ಗಾಳಿ ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ಸರಿಯಾಗಿ ಮುಚ್ಚದ ತುದಿಯಿಂದ ಉಪ್ಪುನೀರು ಎಳೆಗಳ ನಡುವೆ ಬತ್ತಿಗೆ ಎಣ್ಣೆ ಏರಿದಂತೆ ಏರುತ್ತದೆ. ಮೇಲಿನ ಪ್ಲಾಸ್ಟಿಕ್ ಹೊಳೆಯುತ್ತಿರುವಾಗಲೇ ಒಳಗಿನ ತಾಮ್ರ ಕಪ್ಪಗಾಗಿರುತ್ತದೆ. ಅಲೆಯ ಕುಲುಕಾಟಕ್ಕೆ ಮನೆಗೆ ಬಳಸುವ ಗಟ್ಟಿ ಒಂಟಿ ತಂತಿ ತುಂಡಾಗುತ್ತದೆ. ತಿರುಚಿ ಟೇಪು ಸುತ್ತಿದ ಗಂಟು ಒಂದು ಮಳೆಗಾಲ ತಡೆದರೆ ಅದೃಷ್ಟ. ದೋಣಿಗೆ ತವರ ಲೇಪಿಸಿದ, ಸಣ್ಣ ಎಳೆಗಳ ತಂತಿಯನ್ನೇ ಹಾಕಬೇಕು ಎನ್ನುವುದು ಶೋಕಿಯ ಮಾತಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿದರೆ ವಿಷಯ ಬೆಳಕಿಗೆ ಬರುತ್ತದೆ. ಎಂಜಿನ್ನಿನ ಸೆಲ್ಫ್ ತಿರುಗುವಾಗ 200 ಆಂಪಿಯರ್ ಎಳೆಯುತ್ತದೆ ಎನ್ನಿ. ಬ್ಯಾಟರಿ ಟರ್ಮಿನಲ್ಲಿಗೆ ಹಿಡಿದ ಕಿಲುಬಿನ ತಡೆ ಬರೀ ನೂರನೇ ಒಂದು ಓಮ್. ಓಮನ ನಿಯಮದಂತೆ 2 ವೋಲ್ಟ್ ಅಲ್ಲೇ ಕರಗುತ್ತದೆ. 400 ವಾಟ್ ಶಾಖ ಆ ಒಂದು ಬಿಂದುವಿನಲ್ಲೇ ಹುಟ್ಟುತ್ತದೆ. ಸೆಲ್ಫ್ ‘ಟಿಕ್’ ಎಂದು ಸುಮ್ಮನಾಗುತ್ತದೆ. ಮಾಲೀಕ ಬ್ಯಾಟರಿ ಸತ್ತಿತೆಂದು ಹೊಸದಕ್ಕೆ ದುಡ್ಡು ಕೊಡುತ್ತಾನೆ. ಕಿಲುಬಿನ ಕ್ಲ್ಯಾಂಪು ಮಾತ್ರ ಹಳೆಯದೇ.

ಕಣ್ಕಟ್ಟು ಇನ್ನೊಂದಿದೆ. ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ಕೊಳೆತು ಒಂದೇ ಉಳಿದ ತಂತಿಗೆ ಮಲ್ಟಿಮೀಟರ್ ಹಿಡಿದರೂ 12.6 ವೋಲ್ಟ್ ತೋರಿಸುತ್ತದೆ. ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕಿಲ್ಲದಷ್ಟು. ಅಷ್ಟಕ್ಕೆ ಒಂದು ಎಳೆ ಸಾಕು. ಪಂಪು ಹಾಕಿದೊಡನೆ ಬಣ್ಣ ಬಯಲು. ಸಾಲ ಕೇಳುವ ತನಕ ಎಲ್ಲ ನೆಂಟರೂ ನಮ್ಮವರೇ ಅಲ್ಲವೇ! ಆದ್ದರಿಂದ ಅಳತೆ ಯಾವಾಗಲೂ ಹೊರೆ ಹೊತ್ತಿರುವಾಗಲೇ ಆಗಬೇಕು. ಹೋಲ್ಡರಿಗೆ ಎರಡು ತಂತಿ ಸಿಕ್ಕಿಸಿದ ಬಲ್ಬನ್ನು ಹಳೆಯ ಮೆಕ್ಯಾನಿಕ್‌ಗಳು ‘ಟೆಸ್ಟ್ ಲ್ಯಾಂಪ್’ ಎನ್ನುತ್ತಾರೆ. ಅದು ನಿಜವಾಗಿ ಕರೆಂಟು ಎಳೆಯುವುದರಿಂದ ಕೆಲವೊಮ್ಮೆ ದುಬಾರಿ ಮೀಟರಿಗಿಂತ ಪ್ರಾಮಾಣಿಕ.

ಮೀಟರಿನಿಂದಲೂ ಸತ್ಯ ಹೊರಡಿಸಬಹುದು, ಕೇಳುವ ಬಗೆ ಗೊತ್ತಿದ್ದರೆ. ಒಬ್ಬರು ಸೆಲ್ಫ್ ಒತ್ತುತ್ತಿರುವಾಗ ಇನ್ನೊಬ್ಬರು ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದನ್ನು ಅದನ್ನು ಹಿಡಿದಿರುವ ಕ್ಲ್ಯಾಂಪಿಗೆ ತಾಗಿಸಬೇಕು. ಎರಡೂ ಒಂದನ್ನೊಂದು ಮುಟ್ಟಿಕೊಂಡೇ ಇರುವುದರಿಂದ ಅಂಕಿ ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ಬಂತೋ, ಕಳ್ಳ ಅಲ್ಲೇ ಕೂತಿದ್ದಾನೆ. ಹೀಗೆ ಜೋಡಣೆಯಿಂದ ಜೋಡಣೆಗೆ ಸಾಗಿದರೆ ಹತ್ತು ನಿಮಿಷದ ಕೆಲಸ. ಅಮೆರಿಕದ ದೋಣಿ ತಯಾರಕರು ಅನುಸರಿಸುವ ಎಬಿವೈಸಿ ಮಾನದಂಡ ಸಂಚಾರ ದೀಪದಂಥ ಪ್ರಾಣದ ಸಾಧನಗಳಿಗೆ ಶೇ 3ಕ್ಕಿಂತ ಹೆಚ್ಚು ವೋಲ್ಟೇಜು ದಾರಿಯಲ್ಲಿ ಸೋರಬಾರದು ಎನ್ನುತ್ತದೆ. 12 ವೋಲ್ಟಿಗೆ ಅದು 0.36 ವೋಲ್ಟ್. ಉಳಿದವಕ್ಕೆ ಶೇ 10.

ಬ್ಯಾಟರಿಯ ಮಾತೂ ಅಂಕಿಯಲ್ಲೇ ಇದೆ. ಸೀಸ-ಆಮ್ಲದ ಬ್ಯಾಟರಿ ತುಂಬಿ, ಕೆಲ ಗಂಟೆ ಸುಮ್ಮನಿದ್ದ ಮೇಲೆ 12.6 ಅಥವಾ 12.7 ವೋಲ್ಟ್ ಇರಬೇಕು, 12.2 ಎಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 14ರ ಆಸುಪಾಸಿಗೆ ಏರದಿದ್ದರೆ ಚಾರ್ಜು ಬರುತ್ತಿಲ್ಲ. ಈಗ ಚಾಲ್ತಿಗೆ ಬಂದಿರುವ ಲೀಥಿಯಂ ಬ್ಯಾಟರಿಗೆ ಈ ಪಂಚಾಂಗ ನಡೆಯದು. ಅದರ ವೋಲ್ಟೇಜು ಬಹುಪಾಲು ಒಂದೇ ಮಟ್ಟದಲ್ಲಿ ನಿಂತು, ಕೊನೆಗೆ ದಿಢೀರನೆ ಇಳಿಯುತ್ತದೆ. ಒಳಗಿನ ರಕ್ಷಣಾ ಸರ್ಕ್ಯೂಟು ಚಾರ್ಜಿನ ಮಧ್ಯೆ ಹಠಾತ್ತಾಗಿ ಸಂಪರ್ಕ ಕಡಿದರೆ ಆಲ್ಟರ್ನೇಟರಿನ ಡಯೋಡುಗಳು ಸುಡಬಹುದು.

ಹಾಯಿಕಂಬದ ತುದಿಯ ದೀಪ ಆರಿತೆಂದು ಅಲೆಯ ನಡುವೆ ಅದನ್ನು ಹತ್ತುವುದು ಪ್ರಾಣದ ಜೊತೆ ಆಟ. ಅನುಭವಿಗಳು ಮೊದಲು ನೋಡುವುದು ಕಂಬದ ಬುಡವನ್ನು. ಅಲ್ಲಿರುವ ಪ್ಲಗ್ಗು ಸದಾ ನೀರಿನ ಎರಚಿಗೆ ಸಿಕ್ಕಿರುತ್ತದೆ. ಫ್ಯೂಸಿನಿಂದ ದೀಪದವರೆಗಿನ ದಾರಿಯ ನಡುಮಧ್ಯ ಅದೇ. ಬುಡದಲ್ಲಿ ಹೊರೆಯೊಡನೆ ವೋಲ್ಟೇಜು ಇದ್ದರೆ ದೋಷ ಮೇಲೆ, ಇಲ್ಲದಿದ್ದರೆ ಕೆಳಗೆ. ಉಳಿದರ್ಧವನ್ನು ಮತ್ತೆ ಅರ್ಧ ಮಾಡಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಹದಿನಾರು ಅನುಮಾನಗಳ ಜಾಗ ನಾಲ್ಕು ಪರೀಕ್ಷೆಗೆ ಒಂದಕ್ಕೆ ಇಳಿಯುತ್ತದೆ. ಇದರ ಜೊತೆಗೆ ಕೇಳಲೇಬೇಕಾದ ಪ್ರಶ್ನೆ: ಕೆಡುವ ಮುಂಚೆ ಕೊನೆಯದಾಗಿ ಯಾರು ಏನು ಮುಟ್ಟಿದರು?

ಈ ಪ್ರಶ್ನೆಗೆ ಕೆಲವೊಮ್ಮೆ ನಗು ಬರಿಸುವ ಉತ್ತರ ಸಿಗುತ್ತದೆ. ಆಟೊಪೈಲಟ್ ದಾರಿ ತಪ್ಪುತ್ತಿದ್ದರೆ ಅದರ ವಿದ್ಯುನ್ಮಾನ ದಿಕ್ಸೂಚಿಯ ಪಕ್ಕದ ಗೂಡಿನಲ್ಲಿ ಯಾರೋ ಆಹಾರದ ಕಬ್ಬಿಣದ ಡಬ್ಬಿಗಳನ್ನೋ ಸ್ಪೀಕರನ್ನೋ ಇಟ್ಟಿರುತ್ತಾರೆ. ರೇಡಿಯೊ ಕಿವುಡಾಗಿದ್ದರೆ ಹೊಸದಾಗಿ ಹಾಕಿದ ಎಲ್‌ಇಡಿ ದೀಪ ಕಾರಣವಿರಬಹುದು. ಎಲ್‌ಇಡಿ ದೀಪಗಳು ವಿಎಚ್‌ಎಫ್ ಮತ್ತು ಎಐಎಸ್‌ಗೆ ಅಡ್ಡಿ ಮಾಡಬಹುದೆಂದು ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲೇ ಎಚ್ಚರಿಸಿತ್ತು. ಪರೀಕ್ಷೆ ಸುಲಭ: ರೇಡಿಯೊದ ಗೊರಗೊರ ಸದ್ದು ಆಗಷ್ಟೇ ನಿಲ್ಲುವಂತೆ ಹೊಂದಿಸಿ, ದೀಪ ಹಾಕಿ. ಸದ್ದು ಮರಳಿದರೆ ಅಪರಾಧಿ ದೀಪವೇ. ಇಲ್ಲಿ ರೇಡಿಯೊವನ್ನೇ ಬದಲಿಸಿದವನಿಗೆ ಹೊಸ ರೇಡಿಯೊದಲ್ಲೂ ಅದೇ ಕಿವುಡು.

‘ಇವತ್ತಿನ ಉಪಕರಣಗಳೆಲ್ಲ ಸೀಲಾಗಿ ಬರುತ್ತವೆ, ಬಿಚ್ಚಿ ರಿಪೇರಿ ಮಾಡುವ ಕಾಲ ಹೋಯಿತು. ಎರಡೆರಡು ಬಿಡಿಭಾಗ ಒಯ್ದರೆ ಸಾಕು’ ಎನ್ನುವವರಿದ್ದಾರೆ. ಮಾತಿನಲ್ಲಿ ಅರ್ಧ ಸತ್ಯವಿದೆ. ಸಾಗರ ಮಧ್ಯೆ ಆಟೊಪೈಲಟ್ಟಿನ ಚಿಪ್ಪನ್ನು ಯಾರೂ ಬೆಸುಗೆ ಹಾಕಿ ಉಳಿಸಲಾರರು. ಬಿಡಿಭಾಗ ಬೇಕೇ ಬೇಕು. ಆದರೆ ಯಾವುದನ್ನು ಬದಲಿಸಬೇಕೆಂದು ತಿಳಿಯುವುದಕ್ಕೂ ಅಳತೆಯೇ ಬೇಕು. ಮೊದಲನೆಯದನ್ನು ಕೆಡಿಸಿದ ಕಾರಣ ಅಲ್ಲೇ ಇದ್ದರೆ ಎರಡನೆಯದೂ ಅದೇ ದಾರಿ ಹಿಡಿಯುತ್ತದೆ.

ಇದಕ್ಕೆ ಹಳೆಯ ನಿದರ್ಶನವೊಂದಿದೆ. 1968ರಲ್ಲಿ ಬ್ರಿಟನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆ ಒಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆ ನಡೆಸಿತು. ಒಂಬತ್ತು ಮಂದಿ ಹೊರಟರು. ಅವರಲ್ಲಿ ಇಬ್ಬರ ದೋಣಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಡೊನಾಲ್ಡ್ ಕ್ರೋಹರ್ಸ್ಟ್ ಎಲೆಕ್ಟ್ರಾನಿಕ್ಸ್ ಬಲ್ಲವರು, ರೇಡಿಯೊದಿಂದ ದಿಕ್ಕು ಕಂಡುಹಿಡಿಯುವ ಉಪಕರಣ ತಯಾರಿಸಿ ಮಾರುತ್ತಿದ್ದವರು. ಅವರ ದೋಣಿಯ ಹೆಸರಿನಲ್ಲೇ ವಿದ್ಯುತ್ತಿತ್ತು: ‘ಟಿನ್‌ಮತ್ ಎಲೆಕ್ಟ್ರಾನ್’. ದೋಣಿ ಮಗುಚುವ ಸೂಚನೆ ಸಿಕ್ಕರೆ ಕಂಪ್ಯೂಟರು ಕಂಬದ ತುದಿಯ ಗಾಳಿಚೀಲವನ್ನು ಉಬ್ಬಿಸಿ ಅದನ್ನು ಉಳಿಸುತ್ತದೆ ಎಂಬುದು ಅವರ ಯೋಜನೆ. ಅಕ್ಟೋಬರ್ 31, ಹೊರಡಲು ಕೊನೆಯ ದಿನ. ಕೆಲಸ ಮುಗಿಯದೆಯೇ ಹೊರಟರು. ಬಣ್ಣಬಣ್ಣದ ತಂತಿಗಳ ಕಟ್ಟುಗಳು ದೋಣಿಯ ಮೂಲೆಮೂಲೆಯಿಂದ ಬಂದು ಕಂಪ್ಯೂಟರ್ ಇರಬೇಕಾದ ಜಾಗದಲ್ಲಿ ನಿಂತಿದ್ದವು. ಅಲ್ಲಿ ಕಂಪ್ಯೂಟರೇ ಇರಲಿಲ್ಲ. ಜನರೇಟರ್ ಇಟ್ಟಿದ್ದ ಕೋಣೆಯ ಮುಚ್ಚಳ ಸೋರಿ, ನೀರು ನುಗ್ಗಿ, ವಿದ್ಯುತ್ತೇ ಸಂಕಟಕ್ಕೆ ಸಿಕ್ಕಿತು. ಮುಂದೆ ಅವರು ದಕ್ಷಿಣ ಸಾಗರಕ್ಕೆ ಹೋಗದೆ ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತ ಸುಳ್ಳು ಸ್ಥಾನಗಳನ್ನು ವರದಿ ಮಾಡಿದರು. 1969ರ ಜುಲೈ 10ರಂದು ದೋಣಿ ಸಿಕ್ಕಿತು, ಅವರು ಸಿಗಲಿಲ್ಲ.

ಇನ್ನೊಬ್ಬರು ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ 32 ಅಡಿಯ ‘ಸುಹೈಲಿ’ ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ್ದು. ಅದರಲ್ಲೇ ಭಾರತದಿಂದ ಇಂಗ್ಲೆಂಡಿನ ತನಕ ಹೋಗಿದ್ದರಿಂದ ದೋಣಿಯ ಮೂಲೆಮೂಲೆ ಗೊತ್ತಿತ್ತು. ಅವರ ದೋಣಿಯೂ ಕೆಟ್ಟಿತು. ಎರಡೂವರೆ ತಿಂಗಳಿಗೇ ರೇಡಿಯೊ ಕೈಕೊಟ್ಟಿತು. ಬ್ಯಾಟರಿ ಚಾರ್ಜು ಮಾಡುವ ಪುಟ್ಟ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊದಲ್ಲಿ ಎರಡು ಬಿಂದುಗಳ ನಡುವಿನ ಸಂದನ್ನು ಅಂಗುಲದ ಸಾವಿರದ ಭಾಗಗಳ ಲೆಕ್ಕದಲ್ಲಿ ಹೊಂದಿಸಬೇಕಿತ್ತು. ಅದನ್ನು ಅಳೆಯುವ ಫೀಲರ್ ಗೇಜ್ ಇರಲಿಲ್ಲ. ಅವರು ಪುಸ್ತಕವೊಂದನ್ನು ತೆಗೆದು ಒಂದು ಅಂಗುಲ ದಪ್ಪಕ್ಕೆ 200 ಹಾಳೆ ಎಂದು ಲೆಕ್ಕ ಹಾಕಿದರು. ಹಾಗಾದರೆ ಒಂದು ಹಾಳೆ ಅಂಗುಲದ ಸಾವಿರ ಭಾಗಗಳಲ್ಲಿ ಐದು. ಬೇಕಾದಷ್ಟು ಹಾಳೆ ಸಂದಿಗೆ ತೂರಿಸಿ ಅಳತೆ ಹೊಂದಿಸಿದರು. 312 ದಿನಗಳ ಬಳಿಕ, 1969ರ ಏಪ್ರಿಲ್ 22ರಂದು ಫಾಲ್ಮತ್ ಬಂದರಿಗೆ ಮರಳಿದರು. ಒಂಬತ್ತು ಮಂದಿಯಲ್ಲಿ ಮುಗಿಸಿದವರು ಅವರೊಬ್ಬರೇ. ಬಹುಮಾನವಾಗಿ ಬಂದ 5,000 ಪೌಂಡನ್ನು ಕ್ರೋಹರ್ಸ್ಟ್ ಕುಟುಂಬಕ್ಕೆ ಕೊಟ್ಟರು.

ಕ್ರೋಹರ್ಸ್ಟ್ ದುರಂತಕ್ಕೆ ಸಾಲ, ಸಮಯ, ಮನಸ್ಸು ಹೀಗೆ ಹಲವು ಕಾರಣಗಳಿದ್ದವು; ಎಲ್ಲವನ್ನೂ ತಂತಿಯ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಓದು ಇದ್ದವನ ದೋಣಿ ಕೆಟ್ಟು, ಓದಿಲ್ಲದವನದು ಉಳಿಯಿತು ಎಂದು ಓದುವುದಂತೂ ತಪ್ಪು. ಹಾಳೆಯ ದಪ್ಪ ಲೆಕ್ಕ ಹಾಕಿದ್ದೂ ವಿದ್ಯೆಯೇ. ಒಬ್ಬರದು ಮುಗಿಯದ, ಪರೀಕ್ಷಿಸದ ಜಾಣತನ. ಇನ್ನೊಬ್ಬರದು ಕೈಯಾರೆ ಅಳೆದ ಸರಳತನ. ವಿದ್ಯುತ್ತನ್ನೇ ಬಿಟ್ಟುಬಿಡುವುದು ಇದಕ್ಕೆ ಪರಿಹಾರವಲ್ಲ. ಎಐಎಸ್ ಮತ್ತು ಒಳ್ಳೆಯ ದೀಪಗಳು ಜೀವ ಉಳಿಸುತ್ತವೆ. ಅವುಗಳ ಬೆನ್ನಿಗೆ ಅವನ್ನು ಅರಿತ ಮನುಷ್ಯ ಇರಬೇಕು, ಅಷ್ಟೇ.

ಕರ್ನಾಟಕದಲ್ಲಿ ಹಾಯಿದೋಣಿಯ ಹುಚ್ಚು ಹತ್ತಿದವರು ಬೆರಳೆಣಿಕೆಯಷ್ಟು. ಆದರೆ ಕಾರವಾರ, ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ನಿಂತ ಮೀನುಗಾರಿಕಾ ದೋಣಿಗಳ ಹೊಟ್ಟೆಯಲ್ಲಿರುವುದೂ ಇದೇ ಬ್ಯಾಟರಿ, ಇದೇ ಉಪ್ಪು, ಇದೇ ಕಿಲುಬು. ಅವುಗಳ ಮೇಲೆ ವರ್ಷದಿಂದ ವರ್ಷಕ್ಕೆ ವೈರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್, ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್ ಏರುತ್ತಲೇ ಇವೆ. ಅಪಾಯದಲ್ಲಿ ಸಂದೇಶ ಕಳಿಸಬೇಕಾದ ಸಾಧನಕ್ಕೆ ಕೊಳೆತ ತಂತಿಯಿಂದ ಕರೆಂಟು ಬರುತ್ತಿದ್ದರೆ ಸಬ್ಸಿಡಿ ಕೊಟ್ಟೂ ಪ್ರಯೋಜನವಿಲ್ಲ. ಉಪಕರಣಕ್ಕೆ ಹಣ ಕೊಡುವ ಯೋಜನೆ ಅದರ ತಂತಿ, ಫ್ಯೂಸು ಮತ್ತು ದೋಣಿ ನಡೆಸುವ ತಾಂಡೇಲನಿಗೆ ಒಂದು ದಿನದ ತರಬೇತಿಯನ್ನೂ ಸೇರಿಸಿಕೊಳ್ಳಬೇಕು.

ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ಕೋರ್ಸು ಎರಡು ವರ್ಷದ್ದು. ಸರ್ಕ್ಯೂಟ್ ಜೋಡಿಸಿ ದೀಪ ಹೊತ್ತಿಸಿದ್ದಕ್ಕೆ ಅಂಕ ಸಿಗುವಷ್ಟೇ, ಬೇಕೆಂದೇ ಕೆಡಿಸಿಟ್ಟ ಸರ್ಕ್ಯೂಟಿನಲ್ಲಿ ದೋಷ ಹುಡುಕಿದ್ದಕ್ಕೂ ಸಿಗಲಿ. ಏನೂ ಬದಲಿಸದೆ, ಬರೀ ಅಳೆದು, ‘ದೋಷ ಇಲ್ಲಿದೆ, ಕಾರಣ ಇದು’ ಎಂದು ಬರೆದುಕೊಟ್ಟ ವಿದ್ಯಾರ್ಥಿಗೆ ಹೆಚ್ಚಿನ ಅಂಕ ಕೊಟ್ಟರೆ ತಪ್ಪಿಲ್ಲ. ಗ್ರಾಹಕರೂ ಅಭ್ಯಾಸ ಬದಲಿಸಿಕೊಳ್ಳಬೇಕು. ಹೊಸ ಬ್ಯಾಟರಿಗೆ ಸಾವಿರಗಟ್ಟಲೆ ಕೊಡುವ ಕೈ, ಅರ್ಧ ಗಂಟೆ ಹುಡುಕಿ ಒಂದು ಬೋಲ್ಟು ಬಿಗಿದವನಿಗೆ ಇನ್ನೂರು ಕೊಡಲು ಹಿಂದೆಮುಂದೆ ನೋಡುತ್ತದೆ. ಹೀಗಿರುವಾಗ ಹುಡುಕುವ ಕಷ್ಟ ಯಾರಿಗೆ ಬೇಕು?

ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ದೋಣಿಗಳಿಗೆ ಬಣ್ಣ, ಬಲೆಗಳಿಗೆ ಹೆಣಿಗೆ ನಡೆಯುವ ಕಾಲ ಅದು. ಈ ಸಲ ಅದರಲ್ಲಿ ಒಂದು ದಿನವನ್ನು ತಂತಿಗಳಿಗೆ ಇಡಿ. ಕೈಯ ಉಂಗುರ ತೆಗೆದು, ಬ್ಯಾಟರಿಯ ನೆಗೆಟಿವ್ ತುದಿಯನ್ನು ಮೊದಲು ಬಿಚ್ಚಿ, ಕಿಲುಬು ಉಜ್ಜಿ. ಪ್ರತಿ ತಂತಿಯನ್ನೂ ಒಮ್ಮೆ ಎಳೆದು ನೋಡಿ. ಕಳಚಿ ಬಂದರೆ ಈಗಲೇ ಬರಲಿ. ಟೇಪು ಸುತ್ತಿದ ಗಂಟುಗಳನ್ನು ಕತ್ತರಿಸಿ ಸರಿಯಾದ ಜೋಡಣೆ ಹಾಕಿಸಿ. ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಕಂಡರೆ ಕಿತ್ತೆಸೆಯಿರಿ. ಫ್ಯೂಸು ಕಾಯುವುದು ಮೊದಲು ತಂತಿಯನ್ನು, ತಂತಿ ಸುಟ್ಟರೆ ದೋಣಿಯೇ ಸುಡುತ್ತದೆ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಎಂದು ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ಕಿನಲ್ಲಿಟ್ಟು, ವೀಲ್‌ಹೌಸಿನಲ್ಲಿ ನೇತುಹಾಕಿ. ಸಾಧಾರಣ ಮಲ್ಟಿಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆಗಸ್ಟ್ 1ಕ್ಕೆ ದೋಣಿ ಇಳಿಸುವ ಮುಂಚೆ ಅದೊಂದನ್ನು ಕೊಂಡು, ಹಿಡಿಯುವ ಬಗೆಯನ್ನು ದೋಣಿಯಲ್ಲಿ ಕಡೇಪಕ್ಷ ಇಬ್ಬರಿಗೆ ಕಲಿಸಿಡಿ.